ಕೈಗೆ ಬರುವ ಕೋಳಿ

ಕೋಳಿಯನ್ನು ಹಿಡಿಯುವುದಕ್ಕೂ ಎತ್ತಿಕೊಳ್ಳುವುದಕ್ಕೂ ಇರುವ ಅಂತರ ನಮಗೆ ತಿಳಿದದ್ದು ನಲವತ್ತು ದಾಟಿದ ಮೇಲೆ, ಅದೂ ಹೈದರಾಬಾದಿನಲ್ಲಿ. ಹಿಡಿಯುವುದು ಹುಟ್ಟಿನಿಂದಲೇ ಗೊತ್ತಿತ್ತು. ನಾಗಮಂಗಲದ ಕಡೆಯ ನಮ್ಮ ಊರಿನಲ್ಲಿ ಸಂಜೆ ಕೋಳಿಗಳು ಗೂಡು ಸೇರಿದ ಮೇಲೆ ಕತ್ತಲಲ್ಲಿ ಕೈ ಹಾಕಿ ಬೇಕಾದದ್ದನ್ನು ಹೊರಗೆಳೆಯುವುದು ಮಕ್ಕಳ ಪಾಲಿನ ಕೆಲಸವಾಗಿತ್ತು. ಕತ್ತಲಾದರೆ ಕೋಳಿಗೆ ಕಣ್ಣು ಕಾಣುವುದು ತೀರ ಕಡಿಮೆ, ಕುಳಿತಲ್ಲೇ ಸಿಕ್ಕಿಬಿಡುತ್ತದೆ. ಹಗಲಿನಲ್ಲಿ ನೆಂಟರು ಬಂದು, ಅವ್ವ ಕಣ್ಣಿನಲ್ಲೇ ಒಂದು ಹೇಟೆಯನ್ನು ತೋರಿಸಿದಳೆಂದರೆ ಮಾತ್ರ ಕಷ್ಟ. ನಾಲ್ಕು ಹುಡುಗರು ಬೇಲಿ ಹಾರಿ, ತಿಪ್ಪೆ ಸುತ್ತಿ, ಕೊನೆಗೆ ಹುಲ್ಲಿನ ಮೆದೆಯ ಸಂದಿನಲ್ಲಿ ಅದನ್ನು ಮೂಲೆಗೊತ್ತಿ, ಕಾಲು ಹಿಡಿದು ತಲೆಕೆಳಗಾಗಿ ತೂಗಿಸಿಕೊಂಡು ಬಂದರೆ ಕೆಲಸ ಮುಗಿಯಿತು. ಹಾಗೆ ತೂಗಿದ ಕೋಳಿ ಸ್ವಲ್ಪ ಹೊತ್ತಿನಲ್ಲೇ ಸುಮ್ಮನಾಗುತ್ತಿತ್ತು. ಅದು ಯಾಕೆ ಸುಮ್ಮನಾಗುತ್ತದೆಂದು ನಮ್ಮ ಕೇರಿಯಲ್ಲಿ ಯಾರೂ ಕೇಳಿದ್ದು ನೆನಪಿಲ್ಲ.

‘ನಾವು’ ಎಂದು ಬರೆಯುತ್ತಿರುವುದನ್ನು ಓದುಗರು ಮನ್ನಿಸಬೇಕು. ಕೇಂದ್ರ ಸರ್ಕಾರದ ಕಡತಗಳಲ್ಲಿ ಇಪ್ಪತ್ತು ವರ್ಷ ಟಿಪ್ಪಣಿ ಬರೆದವರಿಗೆ ‘ನಾನು’ ಎಂಬ ಪದ ಸುಲಭವಾಗಿ ಒದಗುವುದಿಲ್ಲ. ಅಲ್ಲದೆ ಇಲ್ಲಿ ಹೇಳುವ ಯಾವ ಕೆಲಸವೂ ಒಬ್ಬರದಲ್ಲ. ಗಂಡ, ಹೆಂಡತಿ, ಆಗ ಏಳನೆಯ ತರಗತಿಯಲ್ಲಿದ್ದ ಮಗಳು, ಅಪ್ಪ ತೀರಿಕೊಂಡ ಮೇಲೆ ಊರು ಬಿಟ್ಟು ನಮ್ಮೊಡನೆ ಬಂದ ಅವ್ವ, ಇಷ್ಟು ಜನರದು.

ಸರ್ಕಾರಿ ವಸತಿಗೃಹದ ನೆಲಮಹಡಿ ಸಿಕ್ಕಿತ್ತು. ಹಿಂದೆ ಒಂದು ಬೇವಿನ ಮರ, ಒಂದು ನಲ್ಲಿ, ಉಳಿದದ್ದೆಲ್ಲ ಗಟ್ಟಿ ಮಣ್ಣು. ಅವ್ವನಿಗೆ ಹೊತ್ತು ಹೋಗಲೆಂದು ಕೋಳಿ ತರುವ ಮಾತು ಮೊದಲು ಎತ್ತಿದವಳು ಮಗಳು. ಅವ್ವನಿಗೇನೂ ಅಂಥ ಉತ್ಸಾಹವಿರಲಿಲ್ಲ. “ಸಾಕಾಗದೆ ಬಿಟ್ ಬಂದಿದ್ದನ್ನೇ ಇಲ್ಲೂ ತಂದು ಕಟ್ಟಾಕ್ತೀರಲ್ಲ” ಎಂದಳು. ಆದರೂ ನವೆಂಬರಿನ ಒಂದು ಭಾನುವಾರ ಚೇವೆಳ್ಳದ ಕಡೆಯ ಒಬ್ಬ ರೈತನಿಂದ ಆರು ವಾರದ ನಾಲ್ಕು ಹೇಟೆಮರಿಗಳನ್ನು ತಂದೆವು. ಗ್ರಾಮಪ್ರಿಯ ಎಂಬ ತಳಿ. ನಗರದ ಅಂಚಿನ ರಾಜೇಂದ್ರನಗರದಲ್ಲಿರುವ ಕೇಂದ್ರದ ಕೋಳಿ ಸಂಶೋಧನಾ ಸಂಸ್ಥೆಯಲ್ಲಿ, ಹಿತ್ತಲಿನಲ್ಲಿ ಸಾಕುವವರಿಗೆಂದೇ ರೂಪಿಸಿದ್ದು. ಅಲ್ಲಿಯದೇ ಇನ್ನೊಂದು ವನರಾಜ. ಅವ್ವನಿಗೆ ಈ ಹೆಸರುಗಳು ಹೊಸತು, ಆದರೆ ಬೆಂಗಳೂರಿನ ಹೆಬ್ಬಾಳದ ಗಿರಿರಾಜ ಗೊತ್ತಿತ್ತು. “ಮೊಟ್ಟೆಯಿಕ್ತವೆ, ಕಾವು ಕೂರಾಕಿಲ್ಲ. ತಾಯ್ತನ ತೆಗೆದಾಕವ್ರೆ” ಎಂಬುದು ಇಂಥ ತಳಿಗಳ ಬಗ್ಗೆ ಅವಳ ಒಂದೇ ಸಾಲಿನ ತೀರ್ಪು. ಅದು ನಿಜವೂ ಹೌದು. ಹೆಚ್ಚು ಮೊಟ್ಟೆಗಾಗಿ ಆರಿಸಿ ಬೆಳೆಸಿದ ತಳಿಗಳಲ್ಲಿ ಕಾವಿಗೆ ಕೂರುವ ಗುಣ ಬಹಳ ಕಡಿಮೆ.

ಮಗಳಿಗೆ ಕೋಳಿಯನ್ನು ಮಡಿಲಲ್ಲಿ ಕೂರಿಸಿಕೊಳ್ಳಬೇಕಿತ್ತು. ಕೋಳಿಗಳಿಗೆ ಬೇಕಿರಲಿಲ್ಲ. ಕೈ ಚಾಚಿದೊಡನೆ ನಾಲ್ಕೂ ನಾಲ್ಕು ದಿಕ್ಕಿಗೆ. ಇದರಲ್ಲಿ ಕೋಳಿಯ ತಪ್ಪೇನೂ ಇಲ್ಲ. ಅದರ ಕಣ್ಣುಗಳಿರುವುದು ತಲೆಯ ಎರಡು ಬದಿಗೆ. ಮೇಲಿನಿಂದ ಇಳಿದು ಬರುವ ಯಾವುದೇ ನೆರಳೂ ಅದಕ್ಕೆ ಮೊದಲು ಹದ್ದು, ಆಮೇಲೆ ಬೇರೆ ಏನಾದರೂ. ಹಿತ್ತಲಿನಲ್ಲಿ ಕುಳಿತು ಕೇಳಿದರೆ ಅವುಗಳ ಎಚ್ಚರಿಕೆಯ ಕೂಗಿನಲ್ಲೇ ಎರಡು ಬಗೆಯಿರುವುದು ತಿಳಿಯುತ್ತದೆ: ಆಕಾಶದ ಶತ್ರುವಿಗೆ ಎಳೆದ ಒಂದೇ ಸ್ವರ, ನೆಲದ ಮೇಲಿನ ಬೆಕ್ಕು ನಾಯಿಗಳಿಗೆ ಕಟಕಟನೆ ತುಂಡು ತುಂಡಾದ ಕೂಗು. ನಿಂತ ಮನುಷ್ಯ ಬಗ್ಗಿ ಬೆನ್ನಿಗೆ ಕೈ ಹಾಕಿದರೆ ಅವನು ಮೊದಲನೆಯ ಗುಂಪಿಗೆ ಸೇರುತ್ತಾನೆ. ಆದ್ದರಿಂದ ನಮ್ಮ ಮೊದಲ ಪಾಠ ಕುಳಿತುಕೊಳ್ಳುವುದು. ಅವ್ವನ ಮಣೆಯನ್ನು ಹಿತ್ತಲಿಗೆ ಹಾಕಿ, ದಿನವೂ ಬೆಳಿಗ್ಗೆ ಕಚೇರಿಗೆ ಮುಂಚೆ ಅರ್ಧ ಗಂಟೆ, ಸರದಿಯಂತೆ ಒಬ್ಬೊಬ್ಬರು ಕೂರುವುದು. ಏನೂ ಮಾಡಬಾರದು, ಪತ್ರಿಕೆ ಓದಬಹುದು. ಮೊದಲ ವಾರ ಕಾಳನ್ನು ಎರಡು ಮಾರು ದೂರ ಚೆಲ್ಲಿದೆವು, ಆಮೇಲೆ ಒಂದು ಮಾರು, ಆಮೇಲೆ ಕಾಲಿನ ಬಳಿ.

ಜೊತೆಗೆ ಕೂಗಿ ಕರೆಯುವುದು. ತಿನಿಸು ಕಂಡ ಕೋಳಿ ಒಂಟಿಯಾಗಿ ನುಂಗುವುದಿಲ್ಲ, ಕೊಕ್ಕಿನಿಂದ ಎತ್ತಿ ಹಾಕುತ್ತ ಕುಟುಕುಟು ಎಂದು ಬಳಗವನ್ನು ಕರೆಯುತ್ತದೆ; ಬಸವಣ್ಣನವರ ವಚನದಲ್ಲಿ ಕಾಗೆಯ ಪಕ್ಕದಲ್ಲೇ ಕೋಳಿಗೆ ಜಾಗ ಸಿಕ್ಕಿರುವುದು ಈ ಗುಣಕ್ಕಾಗಿಯೇ. ಅವ್ವ ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಹೊರಡಿಸುವ ಸದ್ದು ಅದಕ್ಕೆ ಎಷ್ಟು ಹತ್ತಿರವಿತ್ತೆಂದರೆ ನಾಲ್ಕೂ ಮರಿಗಳು ತಲೆಯೆತ್ತಿ ಅವಳ ಕಡೆ ನೋಡುತ್ತಿದ್ದವು. ನಮಗೆ ಯಾರಿಗೂ ಅದು ಬರಲಿಲ್ಲ. ಮಗಳ ಬಾಯಲ್ಲಿ ಹಲ್ಲಿಯ ಲೊಚಗುಟ್ಟುವಿಕೆಯಾಯಿತು.

ಮೂರನೆಯ ವಾರಕ್ಕೆ ಒಂದು ಹೇಟೆ ಅಂಗೈಯಿಂದ ನೆನೆಸಿದ ಸಜ್ಜೆ ತಿಂದಿತು. ಅದೇ ವಾರ ಲಸಿಕೆಯ ದಿನವೂ ಬಂತು. ಕೋಳಿಗಳಿಗೆ ರಾಣಿಖೇತ್ ರೋಗ ಬಂದರೆ ಹಟ್ಟಿಗೆ ಹಟ್ಟಿಯೇ ಖಾಲಿ. ಉತ್ತರಾಖಂಡದ ಆ ಚೆಂದದ ಗುಡ್ಡದೂರಿಗೆ ಈ ಹೆಸರಿನ ಹೊಣೆ ಯಾಕೆ ಬಂತೋ ಎಂದು ನಮಗೆ ಆಗಾಗ ಮರುಕವಾಗುವುದುಂಟು. ಮರಿಗೆ ಎಂಟು ವಾರವಾದಾಗ ಚುಚ್ಚುಮದ್ದು ಹಾಕಿಸಲೇಬೇಕು. ಹಿಡಿದೆವು, ಚುಚ್ಚಿಸಿದೆವು, ಮರುದಿನ ಮಣೆಯ ಹತ್ತಿರ ಒಂದೂ ಸುಳಿಯಲಿಲ್ಲ. ಆಗ ಮನೆಯಲ್ಲಿ ಕಾರ್ಯ ಹಂಚಿಕೆಯ ಆದೇಶ ಹೊರಡಿಸಲಾಯಿತು. ಔಷಧಕ್ಕೆ ಹಿಡಿಯುವ ಕೈ ಬೇರೆ, ಕಾಳು ಹಾಕುವ ಕೈ ಬೇರೆ. ಕೋಳಿಗಳು ಮನುಷ್ಯರ ಗುರುತನ್ನು ನಾವು ಎಣಿಸುವುದಕ್ಕಿಂತ ಚೆನ್ನಾಗಿ ಹಿಡಿಯುತ್ತವೆ. ಉಟ್ಟ ಬಟ್ಟೆಯ ಬಣ್ಣ ಬದಲಾದರೂ ಒಂದು ಗಳಿಗೆ ನಿಂತು, ಕತ್ತು ಓರೆ ಮಾಡಿ, ಒಂದೇ ಕಣ್ಣಿನಿಂದ ನೋಡಿ ತೀರ್ಮಾನಿಸುತ್ತವೆ.

ಅವುಗಳೊಳಗಿನ ಶ್ರೇಣಿಯೂ ಲೆಕ್ಕಕ್ಕೆ ಬರುತ್ತದೆ. ಯಾರು ಯಾರನ್ನು ಕುಕ್ಕಬಹುದು ಎಂಬ ಏರ್ಪಾಡನ್ನು ಮೊದಲು ಕ್ರಮವಾಗಿ ದಾಖಲಿಸಿದವನು ನಾರ್ವೆಯ ಥಾರ್ಲೀಫ್ ಷೆಲ್ಡರಪ್-ಎಬ್ಬೆ. 1921ರಲ್ಲಿ ಅವನು ಬರೆದದ್ದು ಹಕ್ಕಿಗಳ ಬಗ್ಗೆಯಾದರೂ, ನಮ್ಮ ಕಚೇರಿಯಲ್ಲಿ ಒಂದು ತಿಂಗಳು ಕೂತಿದ್ದರೆ ಅವನಿಗೆ ಕೋಳಿಗಳ ಅಗತ್ಯ ಬೀಳುತ್ತಿರಲಿಲ್ಲ. ಮಗಳು ಎಲ್ಲರ ಮೇಲಿನವಳಿಗೆ ಮೇಡಂ ಎಂದೂ, ನಡುವಿನವರಿಗೆ ಕೆಂಚಿ, ಗಿಡ್ಡಿ ಎಂದೂ, ಎಲ್ಲರಿಂದ ಕುಕ್ಕಿಸಿಕೊಳ್ಳುವವಳಿಗೆ ಚುಕ್ಕಿ ಎಂದೂ ಹೆಸರಿಟ್ಟಳು. ಮೇಡಂ ಕೈಗೆ ಬಂದರೆ ಉಳಿದ ಎರಡು ತಾವಾಗಿ ಬರುತ್ತಿದ್ದವು. ಚುಕ್ಕಿ ಬರುತ್ತಿರಲಿಲ್ಲ; ಬಂದರೆ ಮೇಡಂ ಕುಕ್ಕುತ್ತಿದ್ದಳು. ಅವಳಿಗೆ ಸಂಜೆ, ಉಳಿದವರು ಮರದಡಿ ಮಣ್ಣಿನ ಸ್ನಾನ ಮಾಡುವ ಹೊತ್ತಿನಲ್ಲಿ, ಬೇರೆಯೇ ಪಾಠ. ಅವ್ವ ಈ ಹೆಸರುಗಳನ್ನು ಒಮ್ಮೆಯೂ ಬಾಯಿಂದ ಆಡಲಿಲ್ಲ. ಕೆಂದುದು, ಕರಿದು, ಬೂದಿಯದು ಎಂದಷ್ಟೇ.

ಎತ್ತುವ ವಿಧಾನಕ್ಕೆ ಬರುತ್ತೇವೆ. ಕೋಳಿಗೆ ನಮ್ಮ ಹಾಗೆ ಎದೆಗೂ ಹೊಟ್ಟೆಗೂ ನಡುವೆ ಉಸಿರಾಟದ ಪೊರೆಯಿಲ್ಲ. ಎದೆಮೂಳೆ ಮುಂದಕ್ಕೂ ಹಿಂದಕ್ಕೂ ಆಡಿದರೆ ಮಾತ್ರ ಗಾಳಿ ಒಳಗೆ ಹೋಗಿ ಹೊರಗೆ ಬರುತ್ತದೆ. ಮಕ್ಕಳು ಪ್ರೀತಿಯಿಂದ ಬಿಗಿಯಾಗಿ ಅಪ್ಪಿದರೆ ಅದಕ್ಕೆ ಉಸಿರು ಕಟ್ಟುವುದು ಇದರಿಂದ. ತಲೆಕೆಳಗಾಗಿ ಹಿಡಿದಾಗ ಒಳಗಿನ ಅಂಗಗಳ ಭಾರ ಉಸಿರಿನ ಚೀಲಗಳ ಮೇಲೆ ಬೀಳುವುದೂ ಇದೇ ಬಗೆಯ ಹಿಂಸೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮು ಪ್ರಾಣಿಯನ್ನು ಅನಗತ್ಯ ನೋವಾಗುವ ಭಂಗಿಯಲ್ಲಿ ಸಾಗಿಸುವುದನ್ನು ಅಪರಾಧವೆನ್ನುತ್ತದೆ. ಭಾನುವಾರ ಬೆಳಿಗ್ಗೆ ಹೈದರಾಬಾದಿನ ಯಾವ ರಸ್ತೆಯಲ್ಲಿ ನಿಂತರೂ ಸ್ಕೂಟರಿನ ಹ್ಯಾಂಡಲಿಗೆ ಕಾಲು ಕಟ್ಟಿ ತೂಗಿಸಿದ ಅಪರಾಧಗಳು ಸಾಲಾಗಿ ಹೋಗುತ್ತಿರುತ್ತವೆ. ಸರಿಯಾದ ಕ್ರಮ ಹೀಗೆ: ಎದುರಿನಿಂದ ಅಥವಾ ಬದಿಯಿಂದ, ಅದಕ್ಕೆ ಕಾಣುವಂತೆ, ಎದೆಯ ಅಡಿಗೆ ಅಂಗೈ ಸರಿಸುವುದು. ಎರಡು ಕಾಲುಗಳನ್ನು ಬೆರಳುಗಳ ನಡುವೆ ತಂದುಕೊಳ್ಳುವುದು. ಇನ್ನೊಂದು ಕೈಯಿಂದ ರೆಕ್ಕೆಗಳನ್ನು ಮೈಗೆ ಮೆಲ್ಲಗೆ ಒತ್ತಿ, ನಮ್ಮ ಪಕ್ಕೆಗೆ ತಾಗಿಸಿಕೊಳ್ಳುವುದು. ಕಾಲಿನ ಕೆಳಗೆ ಆಸರೆಯಿದ್ದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ಮೊದಲ ದಿನ ನೆಲದಿಂದ ನಾಲ್ಕು ಬೆರಳಷ್ಟು ಎತ್ತಿ, ಕೊಸರುವುದಕ್ಕೆ ಮೊದಲೇ ಇಳಿಸಿ, ಒಂದು ಕಾಳು ಕೊಡುವುದು. ಕೊಸರಿದ ಮೇಲೆ ಇಳಿಸಿದರೆ ಕೊಸರುವುದನ್ನೇ ಕಲಿಯುತ್ತದೆ. ಇಷ್ಟೇ. ಇದನ್ನು ಇನ್ನೂರು ಸಲ ಮಾಡಬೇಕು. ಆಮೇಲೆ ಕೈಯನ್ನು ಸೋಪಿನಿಂದ ತೊಳೆಯಬೇಕು. ಆರೋಗ್ಯವಾಗಿರುವ ಕೋಳಿಯ ಮೈಮೇಲೂ ಹೊಟ್ಟೆ ಕೆಡಿಸುವ ಜೀವಾಣುಗಳಿರಬಹುದು, ಮುತ್ತಿಕ್ಕುವುದಂತೂ ಬೇಡವೇ ಬೇಡ.

ಈ ನಡುವೆ ಎರಡು ಸಂಗತಿಗಳು ನಮ್ಮನ್ನು ಯೋಚನೆಗೆ ಹಚ್ಚಿದವು. ಮೇಲುಮಹಡಿಯ ಹುಡುಗನೊಬ್ಬ ಗಿಡ್ಡಿಯನ್ನು ನೆಲಕ್ಕೆ ಒತ್ತಿ ಹಿಡಿದು, ಕೊಕ್ಕಿನ ತುದಿಯಿಂದ ಮುಂದಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದ. ಕೈ ತೆಗೆದರೂ ಅದು ಏಳಲಿಲ್ಲ, ಕಣ್ಣು ಬಿಟ್ಟುಕೊಂಡು ಹಾಗೆಯೇ ಬಿದ್ದಿತ್ತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಇದು ಹಳೆಯ ಆಟ. 1646ರಲ್ಲಿ ಜರ್ಮನಿಯ ಜೆಸ್ಯೂಟ್ ಪಂಡಿತ ಅಥನೇಸಿಯಸ್ ಕಿರ್ಷರ್ ಇದನ್ನು ವಿಸ್ಮಯದ ಪ್ರಯೋಗವೆಂದು ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಆ ಗೆರೆಯನ್ನೇ ಕೋಳಿ ತನ್ನನ್ನು ಕಟ್ಟಿರುವ ಹಗ್ಗವೆಂದು ಕಲ್ಪಿಸಿಕೊಳ್ಳುತ್ತದೆ ಎಂಬುದು ಅವನ ಊಹೆ. ಗೆರೆಗೂ ಅದಕ್ಕೂ ಸಂಬಂಧವಿಲ್ಲವೆಂದು ಈಗ ಗೊತ್ತಿದೆ. ಅದು ಭಯದ ಕೊನೆಯ ಹಂತ. ಓಡಿಯೂ ಕೊಸರಿಯೂ ಆಗದಿದ್ದಾಗ ಸತ್ತಂತೆ ಬಿದ್ದರೆ ಬಾಯಿಗೆ ಹಾಕಿಕೊಂಡ ಪ್ರಾಣಿ ಹಿಡಿತ ಸಡಿಲಿಸಬಹುದು ಎಂಬ ಮೈಯ ಏರ್ಪಾಡು. ನಮ್ಮ ಕೇರಿಯಲ್ಲಿ ತಲೆಕೆಳಗಾಗಿ ತೂಗುತ್ತ ಸುಮ್ಮನಾದ ಹೇಟೆಗಳಿಗೆಲ್ಲ ಉತ್ತರ ಇದರಲ್ಲಿತ್ತು.

ಇನ್ನೊಂದು ಏಪ್ರಿಲಿನಲ್ಲಿ. ಕೋಳಿಗಳು ಮೊಟ್ಟೆಗೆ ಬರುವ ಹೊತ್ತು. ಕೈ ಚಾಚಿದರೆ ಓಡುತ್ತಿದ್ದ ಕೆಂಚಿ ಒಮ್ಮೆಲೇ ನೆಲಕ್ಕೆ ಕುಸಿದು, ರೆಕ್ಕೆಗಳನ್ನು ಸ್ವಲ್ಪ ಅಗಲಿಸಿ, ಎತ್ತಿಕೊಳ್ಳಿ ಎಂಬಂತೆ ಕುಳಿತಳು. ಊಟಕ್ಕೆ ಬಂದಿದ್ದ ಸಹೋದ್ಯೋಗಿಯೊಬ್ಬರು ತಮ್ಮ ಕಾಲಿನ ಬಳಿಯೂ ಹಾಗೆಯೇ ಕುಳಿತದ್ದನ್ನು ಕಂಡು, ಪ್ರಾಣಿಗಳಿಗೆ ತಮ್ಮ ಬಗ್ಗೆ ಮೊದಲಿನಿಂದಲೂ ಒಲವು ಎಂದರು. ಹುಂಜ ಸಮೀಪಿಸಿದಾಗ ಮೊಟ್ಟೆಗೆ ಬಂದ ಹೇಟೆ ತಾಳುವ ಭಂಗಿ ಅದು ಎಂದು ಅವರಿಗೆ ಹೇಳುವುದು ಸೌಜನ್ಯವಲ್ಲವೆಂದು ಸುಮ್ಮನಾದೆವು.

ಹಾಗಾದರೆ ನೆಮ್ಮದಿಯ ಗುರುತು ಯಾವುದು? ಮಡಿಲಲ್ಲಿ ಕುಳಿತ ಕೋಳಿ ತನ್ನ ಗರಿಗಳನ್ನು ತಾನೇ ಕೊಕ್ಕಿನಿಂದ ತಿದ್ದಿಕೊಳ್ಳತೊಡಗಿದರೆ ಅದು ಮೊದಲ ಗುರುತು; ಹೆದರಿದ ಜೀವ ಅಲಂಕಾರಕ್ಕೆ ಕೈ ಹಾಕುವುದಿಲ್ಲ. ಗಂಟಲಿನೊಳಗೆ ಉರುಳುವ ಸಣ್ಣ ಸದ್ದು ಇನ್ನೊಂದು. ಕೊನೆಯದು ಕಣ್ಣು. ಕೋಳಿಯ ಕೆಳರೆಪ್ಪೆ ಮೇಲಕ್ಕೆ ಏರಿ ಕಣ್ಣು ಮುಚ್ಚುತ್ತದೆ. ಚುಕ್ಕಿ ಮಗಳ ಮಡಿಲಲ್ಲಿ ಮೊದಲ ಸಲ ಹಾಗೆ ಕಣ್ಣು ಮುಚ್ಚಿದಾಗ ಹಿತ್ತಲಿನಲ್ಲಿ ಯಾರೂ ಮಾತಾಡಲಿಲ್ಲ. ಅದರ ಮೈಯ ಬಿಸಿ ನಮ್ಮದಕ್ಕಿಂತ ನಾಲ್ಕು ಡಿಗ್ರಿಯಾದರೂ ಹೆಚ್ಚು. ಗರಿಯ ಅಡಿಗೆ ಬೆರಳು ಹೋದರೆ ಆಗತಾನೆ ಒಲೆಯಿಂದ ಇಳಿಸಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದಂತಿರುತ್ತದೆ. ಮಾನಸಗಂಗೋತ್ರಿಯಲ್ಲಿ ಇಂಗ್ಲಿಷ್ ಎಂ.ಎ. ಓದಿದ ಋಣಕ್ಕೆ ಚಾಸರನ ಹುಂಜ ನೆನಪಾಯಿತು. ಅಪ್ಪನ ಹಾಗೆ ಕಣ್ಣು ಮುಚ್ಚಿ ಕೂಗಿ ತೋರಿಸು ಎಂದು ನರಿ ಹೊಗಳುತ್ತದೆ, ಚಾಂಟಿಕ್ಲೀರ್ ಕಣ್ಣು ಮುಚ್ಚುತ್ತದೆ, ಕತ್ತು ನರಿಯ ಬಾಯಲ್ಲಿರುತ್ತದೆ. ತರಗತಿಯಲ್ಲಿ ಅದನ್ನು ಹೊಗಳಿಕೆಯ ಅಪಾಯದ ಕಥೆಯಾಗಿ ಬರೆದು ಅಂಕ ಪಡೆದಿದ್ದೆವು.

ಅವ್ವ ದೂರದಲ್ಲಿ ಸೊಪ್ಪು ಸೋಸುತ್ತಿದ್ದಳು. ಅಂದು ರಾತ್ರಿ ಊಟದ ಹೊತ್ತಿಗೆ, ಯಾರನ್ನೂ ನೋಡದೆ, “ಕೈಗ್ ಬಂದ್ ಕೋಳಿ ಕತ್ತು ಯಾರ್ ಕುಯ್ತಾರೆ?” ಎಂದಳು.

ಕುಯ್ಯುವ ಮಾತನ್ನು ನಾವು ಯಾರೂ ಆಡಿರಲಿಲ್ಲ. ಅವಳು ಹೇಳುತ್ತಿದ್ದದ್ದು ತನ್ನ ಹಟ್ಟಿಯ ಸಂಗತಿ. ಹದಿನೈದು ಹೇಟೆ, ಒಂದು ಹುಂಜ, ವಾರಕ್ಕೊಂದು ಸಂತೆ. ಮೈಸೂರಿನ ಹಾಸ್ಟೆಲಿನ ಹಣ, ಬಸ್ಸಿನ ಪಾಸು, ಪರೀಕ್ಷೆಯ ಶುಲ್ಕ, ಚಾಸರನ ಪುಸ್ತಕ, ಎಲ್ಲವೂ ಆ ಮೊಟ್ಟೆಗಳಿಂದ, ಆ ಕೋಳಿಗಳಿಂದ ಬಂದದ್ದು. ಮಳೆಗಾಲದಲ್ಲಿ ಗೆದ್ದಲು ಹಿಡಿಸಿದ ಮಡಕೆ ತಂದು ಮರಿಗಳ ಮುಂದೆ ಕೊಡವುತ್ತಿದ್ದಳು, ಕಾಯಿಲೆ ಬಿದ್ದದ್ದಕ್ಕೆ ಅರಿಸಿನ ಅರೆದು ಹಚ್ಚುತ್ತಿದ್ದಳು, ಆದರೆ ಒಂದನ್ನೂ ಸುಮ್ಮನೆ ಎತ್ತಿಕೊಂಡವಳಲ್ಲ, ಹೆಸರಿಟ್ಟು ಕರೆದವಳಲ್ಲ. ಕೋಳಿ ಕೇಳಿ ಖಾರ ಅರೆಯುತ್ತಾರೆಯೇ ಎಂಬ ಗಾದೆ ಹುಟ್ಟಿದ್ದು ಇಂಥ ಹಟ್ಟಿಗಳಲ್ಲೇ ಇರಬೇಕು. ಅಲ್ಲಿಯ ಕೋಳಿಗಳಿಗೆ ಮನುಷ್ಯನ ಕೈ ಎಂದರೆ ಸಂತೆ, ಇಲ್ಲವೆ ಕತ್ತಿ. ಅವು ಓಡುತ್ತಿದ್ದದ್ದು ದಡ್ಡತನದಿಂದಲ್ಲ. ಅವುಗಳ ಲೆಕ್ಕ ಸರಿಯಾಗಿಯೇ ಇತ್ತು. ಸಾಕುವವರೂ ಆ ಓಟವನ್ನು ಉಳಿಸಿಕೊಂಡಿದ್ದರು, ಇಬ್ಬರಿಗೂ ಅದು ಅನುಕೂಲ.

ಮಳೆಗಾಲದಲ್ಲಿ ಚುಕ್ಕಿ ಕುಂಟತೊಡಗಿದಳು. ಅಂಗಾಲಿನಲ್ಲಿ ಗಟ್ಟಿಯಾದ ಬಾವು, ನಡುವೆ ಕಪ್ಪು ಹಕ್ಕಳೆ. ಸಿಮೆಂಟಿನ ಮೇಲೆ ಹಾರಿ ಇಳಿಯುವ ಭಾರದ ಕೋಳಿಗಳಿಗೆ ಗಾಯವಾಗಿ ಕೀವು ಕಟ್ಟುವುದುಂಟು. ಪಶುವೈದ್ಯರು ಕೀವು ತೆಗೆದು, ದಿನವೂ ಉಪ್ಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕಾಲಿಡಿಸಿ ಹೊಸ ಪಟ್ಟಿ ಕಟ್ಟಲು ಹೇಳಿದರು. ಓಡುವ ಕೋಳಿಗೆ ಈ ಚಿಕಿತ್ಸೆ ಮಾಡಲಾಗದು. ಚುಕ್ಕಿ ಬೋಗುಣಿಯಲ್ಲಿ ಕಾಲಿಟ್ಟು, ಮಗಳ ತೋಳಿನ ಮೇಲೆ ಗಲ್ಲವೂರಿ, ಮೂರು ವಾರ ಕಾಲ ದಿನಕ್ಕೆ ಹತ್ತು ನಿಮಿಷ ಕುಳಿತಳು. ಪಟ್ಟಿ ಕಟ್ಟುತ್ತಿದ್ದವಳು ಅವ್ವ. ಒಂದು ದಿನ “ಅಲ್ಲಾಡ್ಬೇಡ ಚುಕ್ಕಿ” ಎಂದಳು. ಕೇಳಿಸಿಕೊಂಡವರು ಕೇಳಿಸಿಕೊಳ್ಳದವರಂತೆ ಇದ್ದೆವು.

ಮರುವರ್ಷ ಮೇ ತಿಂಗಳಲ್ಲಿ ದೆಹಲಿಗೆ ವರ್ಗವಾಯಿತು. ಸಿಕ್ಕ ಮನೆ ಮೂರನೆಯ ಮಹಡಿ. ಸುದ್ದಿ ಹರಡಿದ ದಿನವೇ ಕೋಳಿಗಳನ್ನು ತೆಗೆದುಕೊಳ್ಳಲು ಜನ ಬಂದರು. ಒಬ್ಬರು ನಗುತ್ತ ಭಾನುವಾರದ ಬಿರಿಯಾನಿಯ ಪ್ರಸ್ತಾಪ ಮಾಡಿದರು. ಅವರದ್ದು ಕ್ರೂರ ಮಾತೇನಲ್ಲ, ನಾವೂ ಕೋಳಿ ತಿನ್ನುವವರೇ. ಆದರೆ ಈ ನಾಲ್ಕಕ್ಕೆ ಈಗ ಯಾರು ಕೈ ಚಾಚಿದರೂ ಓಡುವ ಅಭ್ಯಾಸ ಉಳಿದಿರಲಿಲ್ಲ. ಒಂದೂವರೆ ವರ್ಷ ಕುಳಿತು ಅದನ್ನು ತೆಗೆದವರು ನಾವು. ಮಗಳು ಎರಡು ದಿನ ಊಟ ಬಿಟ್ಟಳು. ದೆಹಲಿಯ ಬಾಲ್ಕನಿಯ ಅಳತೆ ಕೇಳಿ ಬರೆದುಕೊಂಡಳು, ಐದಡಿಗೆ ಮೂರಡಿ.

ದಾರಿ ಹುಡುಕಿದವಳು ಅವ್ವ. ಮರಿ ಕೊಟ್ಟಿದ್ದ ರೈತನನ್ನೇ ಕರೆಸಿದಳು. ಅವನಿಗೆ ಕನ್ನಡ ಬರದು, ಅವಳಿಗೆ ತೆಲುಗು ಬರದು. ಮಾರಾಟ ಬೇಡ, ದಾನವೂ ಬೇಡ, ಪಾಲಿಗೆ ಕೊಡುತ್ತೇನೆ ಎಂದಳು. ನಮ್ಮ ಕಡೆ ಕುರಿ, ಕೋಳಿಯನ್ನು ಸಾಕಲು ಪಾಲಿಗೆ ಕೊಡುವುದುಂಟು. ತಾಯಿ ಕೊಟ್ಟವರದು, ಹುಟ್ಟಿದ ಮರಿಯಲ್ಲಿ ಅರ್ಧರ್ಧ. ತೆಲುಗಿನಲ್ಲಿ ಹಾಲಿಗೂ ಪಾಲು ಎಂದೇ ಹೆಸರು. ಆತ ಮುದುಕಿ ಹಾಲು ಕೇಳುತ್ತಿದ್ದಾಳೆಂದು ಭಾವಿಸಿ, ತನ್ನ ಹತ್ತಿರ ಎಮ್ಮೆಯಿಲ್ಲ ಎಂದ. ನಗುವೆಲ್ಲ ಮುಗಿದ ಮೇಲೆ, ಪಾಲಿಗೆ ಅಲ್ಲಿಯೂ ಹಂಚಿಕೆಯ ಅರ್ಥವಿದ್ದದ್ದರಿಂದ, ಒಪ್ಪಂದವಾಯಿತು. ಮಾರಿದ ಕೋಳಿಯನ್ನು ಕೊಂಡವನು ಏನು ಬೇಕಾದರೂ ಮಾಡಬಹುದು, ಕೊಟ್ಟದ್ದಕ್ಕೂ ಹಾಗೆಯೇ. ಪಾಲಿನ ತಾಯಿಕೋಳಿಯನ್ನು ಕುಯ್ಯುವ ಹಾಗಿಲ್ಲ, ಅದು ಇನ್ನೊಬ್ಬರ ಆಸ್ತಿ. ಇಪ್ಪತ್ತು ವರ್ಷ ಸರ್ಕಾರದ ನಿಯಮಾವಳಿ ಓದಿದವರಿಗೆ ಹೊಳೆಯದ ಕಲಮು ಇದು.

ಆತ ಮಂಕರಿ ತಂದಿದ್ದ. ಮೇಡಂಳನ್ನು ಕಾಲು ಹಿಡಿದು ಎತ್ತಲು ಬಗ್ಗಿದಾಗ ಅವ್ವ ಅವನ ಮುಂಗೈ ತಟ್ಟಿ, ಅವನ ಅಂಗೈಯನ್ನು ಮೇಲ್ಮುಖ ಮಾಡಿಸಿ, ಕೋಳಿಯ ಎದೆಯಡಿಗೆ ತಾನೇ ಸರಿಸಿದಳು. ಮೇಡಂ ಹೊಸ ತೋಳಿನಲ್ಲಿ ಕುಳಿತು ಅವನ ಅಂಗಿಯ ಗುಂಡಿಯನ್ನು ಒಮ್ಮೆ ಕುಕ್ಕಿ ನೋಡಿದಳು. ಚುಕ್ಕಿಯನ್ನು ಮಗಳು ಇಳಿಸಿದಳು. ನಮ್ಮ ಪೈಕಿ ಕೆಲವರು ಆ ಹೊತ್ತಿಗೆ ನಲ್ಲಿ ಸರಿಯಾಗಿ ನಿಂತಿದೆಯೇ ಎಂದು ನೋಡಲು ಹೋಗಬೇಕಾಯಿತು.

ಪಾಲಿನ ಕರಾರಿಗೆ ಕಾಗದವಿಲ್ಲ, ಸಾಕ್ಷಿಯಿಲ್ಲ. ಸಾವಿರದೈನೂರು ಕಿಲೋಮೀಟರ್ ದೂರದಿಂದ ಅದನ್ನು ಜಾರಿಗೊಳಿಸುವ ಅಧಿಕಾರವೂ ಇಲ್ಲ. ಇರುವುದು ಅವ್ವನ ಫೋನು. ತಿಂಗಳ ಮೊದಲ ಭಾನುವಾರ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಲೆಕ್ಕ ಕೇಳುತ್ತಾಳೆ. ಅವನ ತೆಲುಗನ್ನು ಮಗಳು ಕನ್ನಡಕ್ಕೆ ತರುತ್ತಾಳೆ. ನಮ್ಮ ಹೇಟೆಗಳು ಕಾವಿಗೆ ಕೂರುವುದಿಲ್ಲವಾದ್ದರಿಂದ ಅವುಗಳ ಮೊಟ್ಟೆಯನ್ನು ಆತ ತನ್ನ ನಾಟಿ ಕೋಳಿಯ ಅಡಿಗೆ ಇಟ್ಟಿದ್ದ. ಇಪ್ಪತ್ತೊಂದು ದಿನಕ್ಕೆ ಒಂಬತ್ತು ಒಡೆದವು. ಕಾವು ಕೊಟ್ಟ ಕೋಳಿ ತನ್ನದಾದ್ದರಿಂದ ಅರೆಪಾಲು ಸಲ್ಲದು, ಮೂರನೆಯ ಒಂದು ಪಾಲು ಎಂದು ಅವನ ವಾದ. ಅವ್ವ ನಾಲ್ಕೂವರೆಗೆ ಕಡಿಮೆ ಒಪ್ಪಿಲ್ಲ. ಆ ಅರ್ಧ ಮರಿಯ ಬಗ್ಗೆ ಮಾತು ಇನ್ನೂ ನಡೆಯುತ್ತಿದೆ. ಫೋನು ಇಡುವ ಮೊದಲು, ಕುಂಟುವ ಬೂದಿಯದು ಹೇಗಿದೆ, ಕೈಗೆ ಬರುತ್ತದೆಯೇ ಎಂದು ಕೇಳುವುದನ್ನು ಅವಳು ಮರೆಯುವುದಿಲ್ಲ. ಬರುತ್ತದೆ ಎಂದು ಆತ ಹೇಳುತ್ತಾನೆ.